ಸೋಮಣ್ಣನ ಅಂಗಡಿ ತಪ್ಪಿಸುವ ದಾರಿ

ಕರಬಸಪ್ಪ ಕುಡಿಯುವುದನ್ನು ಬಿಟ್ಟ ಮೇಲೆ ಮನೆಗೆ ಇನ್ನೂ ತಡಮಾಡಿ ಬರತೊಡಗಿದ. ಕುಡಿಯುತ್ತಿದ್ದ ಕಾಲದಲ್ಲಿ ದೀಪ ಹಚ್ಚುವ ಹೊತ್ತಿಗೆಲ್ಲ ಅತ್ತುಕೊಂಡು ಬಂದು ಕಟ್ಟೆಯ ಮೇಲೆ ಕೂತಿರುತ್ತಿದ್ದ. ಈಗ ಹಾಗಲ್ಲ, ಊರೂರು ತಿರುಗಿ ಸಾಕ್ಷಿ ಹೇಳಿ ಬರಬೇಕು. ಹೆಂಡತಿ ಪ್ರೇಮವ್ವನಿಗೆ ಇದರಿಂದ ಆದ ದೊಡ್ಡ ತೊಂದರೆ ಒಂದೇ. ಕುಡುಕ ಗಂಡನನ್ನು ಮನಸಾರೆ ಬೈಯಬಹುದಿತ್ತು. ಸಾಕ್ಷಿ ಹೇಳಿ ಬಂದ ಗಂಡನನ್ನು ಬೈದರೆ ಓಣಿಯ ಮಂದಿಗೆ ದೇವರನ್ನೇ ಬೈದಂತೆ ಕೇಳಿಸುತ್ತಿತ್ತು.

ಸಾಕ್ಷಿ ಎಂದರೆ ಕೋರ್ಟಿನದಲ್ಲ. ರಾಣೆಬೆನ್ನೂರಿನ ಅವರ ಪ್ರಾರ್ಥನಾ ಮಂದಿರದಲ್ಲಿ ಭಾನುವಾರ ಪಾಸ್ಟರರು ಬೋಧಿಸುವ ಪ್ರಸಂಗಕ್ಕೆ ಮುಂಚೆ ಯಾರಾದರೂ ಎದ್ದು ನಿಂತು, ನಾನು ಹೀಗಿದ್ದೆ, ದೇವರು ನನ್ನನ್ನು ಹೀಗೆ ಮಾಡಿದ ಎಂದು ಹೇಳುವ ಪದ್ಧತಿ. ಹೆಚ್ಚಿನವರ ಸಾಕ್ಷಿ ಸಪ್ಪೆಯಾಗಿರುತ್ತಿತ್ತು. ಒಬ್ಬಾಕೆಯ ಮಂಡಿನೋವು ಹೋಗಿರುತ್ತಿತ್ತು, ಇನ್ನೊಬ್ಬನ ಮಗ ಅಂತೂ ಇಂತೂ ಎಸೆಸೆಲ್ಸಿ ಪಾಸಾಗಿರುತ್ತಿದ್ದ. ಮಂದಿ ಆಕಳಿಸಿ ಸ್ತೋತ್ರ ಎನ್ನುತ್ತಿದ್ದರು. ಕರಬಸಪ್ಪನ ಸರದಿ ಬಂದಾಗ ಮಾತ್ರ ಹೊರಗೆ ಚಪ್ಪಲಿ ಕಾಯುತ್ತ ನಿಂತವರೂ ಒಳಗೆ ಬರುತ್ತಿದ್ದರು.

ಮೊದಲ ಸಲ ಅವನು ಹೇಳಿದ್ದು ನಾಲ್ಕೇ ಮಾತು. ಕುಡಿಯುತ್ತಿದ್ದೆ, ಮನೆಯವರಿಗೆ ತ್ರಾಸಾಯಿತು, ಈಗ ಬಿಟ್ಟಿದ್ದೇನೆ, ದೇವರಿಗೆ ಸ್ತೋತ್ರ. ಎರಡನೇ ಸಲ ಒಂದು ಗಟಾರವನ್ನು ಸೇರಿಸಿದ. ಗಟಾರಕ್ಕೆ ಎರಡು ಹಲ್ಲೆಲೂಯ ಬಂದವು. ಮುಂದಿನ ಸಲ ಗಟಾರದಲ್ಲಿ ಹಂದಿಯೂ ಇತ್ತು. ಆಮೇಲೆ ಹೆಂಡತಿಗೆ ಹೊಡೆತ ಶುರುವಾಯಿತು, ಬಸುರಿಯಾಗಿದ್ದಾಗ ಒದ್ದದ್ದೂ ಬಂತು. ಒಂದು ಭಾನುವಾರ ಹೆಂಡತಿಯ ಕೊರಳಿನ ಬಂಗಾರದ ಬೋರಮಾಳ ಕಿತ್ತು ಮಾರಿ ಕುಡಿದೆ ಎಂದುಬಿಟ್ಟ. ಅವನು ಹಾಗೆ ಹೇಳುವಾಗ ಹೆಂಗಸರ ಸಾಲಿನಲ್ಲಿ ಕೂತಿದ್ದ ಪ್ರೇಮವ್ವನ ಕೊರಳಲ್ಲಿ ಬೋರಮಾಳ ತಣ್ಣಗೆ ಹೊಳೆಯುತ್ತಿತ್ತು. ಆಕೆ ಲಗುಬಗೆಯಿಂದ ಸೆರಗು ಎಳೆದು ಮುಚ್ಚಿಕೊಂಡಳು. ಯಾಕೆ ಮುಚ್ಚಿಕೊಂಡೆ ಎಂದು ಆಮೇಲೆ ಬಹಳ ದಿನ ತನ್ನ ಮೇಲೆ ತಾನೇ ಸಿಟ್ಟಾದಳು. ಅಂದಿನಿಂದ ಭಾನುವಾರ ಬಂತೆಂದರೆ ಸೆರಗು ಕೊರಳಿಗೆ ಸುತ್ತಿಕೊಳ್ಳುವುದು ಅವಳ ಪಾಲಿಗೆ ಬಂತು.

ಕೊನೆಗೆ ಬೆಳಕು ಬಂತು. ಸಾಯಬೇಕೆಂದು ರೈಲು ಹಳಿಯ ಮೇಲೆ ಮಲಗಿದ್ದನಂತೆ, ಹುಬ್ಬಳ್ಳಿ ಕಡೆಯಿಂದ ದೊಡ್ಡ ಬೆಳಕು ಬಂತಂತೆ, ನೋಡಿದರೆ ಅದು ರೈಲಲ್ಲವಂತೆ. ಅಂದು ಪಾಸ್ಟರ್ ದಾನಿಯೇಲಪ್ಪನವರು ಕಣ್ಣೊರೆಸಿಕೊಂಡು, ಈ ಸಾಕ್ಷಿ ನಮ್ಮ ಊರಿಗಷ್ಟೇ ಸೀಮಿತವಾಗಬಾರದು ಎಂದರು.

ದಾನಿಯೇಲಪ್ಪನವರು ಕೆಟ್ಟವರಲ್ಲ. ಅವರಿಗೆ ಇದ್ದ ದೌರ್ಬಲ್ಯಗಳು ಎರಡು, ಒಂದು ದಾರಿತಪ್ಪಿದ ಆತ್ಮಗಳು, ಇನ್ನೊಂದು ಸೌಂಡ್ ಸಿಸ್ಟಮ್. ಕರಬಸಪ್ಪನಲ್ಲಿ ಎರಡೂ ಕೂಡಿಬಂದವು. ಹಾವೇರಿ, ಕರ್ಜಗಿ, ಬ್ಯಾಡಗಿ ಎಂದು ಪ್ರಾರ್ಥನಾ ಕೂಟ ಇದ್ದಲ್ಲೆಲ್ಲ ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋದರು. ಬ್ಯಾಡಗಿಯ ಕೂಟ ಮೆಣಸಿನಕಾಯಿ ಸುಗ್ಗಿಯಲ್ಲಿ, ಮಾರುಕಟ್ಟೆಯ ಹಿಂದಿನ ಬಯಲಿನಲ್ಲಿ ನಡೆಯಿತು. ಸಾಕ್ಷಿ ಕೇಳಿ ಅಳದವರೇ ಇರಲಿಲ್ಲ. ಅದರಲ್ಲಿ ಪವಿತ್ರಾತ್ಮನ ಕೆಲಸ ಎಷ್ಟು, ಗಾಳಿಯಲ್ಲಿದ್ದ ಖಾರದ ಪುಡಿಯದು ಎಷ್ಟು ಎಂದು ಯಾರೂ ವಿಚಾರಿಸಲಿಲ್ಲ. ಅಳುವಿನ ಸಮೇತ ಅದನ್ನು ರೆಕಾರ್ಡ್ ಮಾಡಿ, 'ಗಟಾರದಿಂದ ಮಹಿಮೆಗೆ' ಎಂಬ ಕ್ಯಾಸೆಟ್ ತಂದರು. ಮುಖಪುಟದಲ್ಲಿ ಪಾಸ್ಟರರ ಕೋಟು ತೊಟ್ಟ ಕರಬಸಪ್ಪ ಆಕಾಶ ನೋಡುತ್ತಿದ್ದ.

ಖರೇ ಕಥೆ ಪ್ರೇಮವ್ವನಿಗೆ ಗೊತ್ತಿತ್ತು. ಹತ್ತಿಯ ಜಿನ್ನಿಂಗ್ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದ ಕರಬಸಪ್ಪ ಸಂಜೆ ಸೋಮಣ್ಣನ ವೈನ್ ಶಾಪಿನಲ್ಲಿ ಒಂದು ಕ್ವಾರ್ಟರ್ ಕುಡಿದು, ಮನೆಗೆ ಬಂದು, ಕಂಡಕಂಡವರ ಕ್ಷಮೆ ಕೇಳುತ್ತಿದ್ದ. ಹೆಂಡತಿಯದಾಯಿತು, ಮಗಳದಾಯಿತು, ಒಮ್ಮೆ ನೀರಿನ ಬ್ಯಾರಲ್ಲಿನದೂ ಕೇಳಿದ್ದ. ಕೈ ಎತ್ತಿದವನೇ ಅಲ್ಲ. ಹಾಗಂತ ಅದು ಸುಖದ ಕಾಲವಾಗಿರಲಿಲ್ಲ. ಶನಿವಾರದ ಪಗಾರ ಮನೆ ಮುಟ್ಟುತ್ತಿರಲಿಲ್ಲ. ಮಗಳು ಭುವನಾ ಗೆಳತಿಯರನ್ನು ಮನೆಗೆ ಕರೆಯುವುದನ್ನೇ ಬಿಟ್ಟಿದ್ದಳು. ಕುಡಿತ ಸಣ್ಣದಿದ್ದರೂ ಮನೆ ಅದಕ್ಕಿಂತ ಸಣ್ಣದಿತ್ತು.

ಬಿಟ್ಟದ್ದೂ ಬೆಳಕಿನಿಂದಲ್ಲ. ಒಂದು ಸಂಜೆ ಪ್ರೇಮವ್ವ ಮಿಲ್ಲಿನ ಗೇಟಿಗೇ ಹೋಗಿ ನಿಂತಳು. ಗಂಡ ಹೊರಗೆ ಬಂದ ಕೂಡಲೆ, ಸೋಮಣ್ಣನ ಅಂಗಡಿ ಇರುವ ಹತ್ತಿರದ ರಸ್ತೆ ಬಿಟ್ಟು, ಗೂಡ್ಸ್ ಶೆಡ್ಡಿನ ಹಿಂದಿನಿಂದ ಸುತ್ತು ಹಾಕಿ ಮನೆಗೆ ಕರೆದುಕೊಂಡು ಬಂದಳು. ದಾರಿಯುದ್ದಕ್ಕೂ ಕುಡಿತದ ಸುದ್ದಿಯನ್ನೇ ಎತ್ತಲಿಲ್ಲ. ಉಳ್ಳಾಗಡ್ಡಿ ದರ, ನೆರೆಮನೆಯ ರಸೂಲಬಿಯ ಕೋಳಿ, ತನ್ನ ತಂಗಿಯ ಅತ್ತೆ, ಇಂಥದೇ ಹರಟೆ. ಮರುದಿನ ಮತ್ತೆ ಹೋದಳು. ಮಳೆ ಬಂದರೂ ಜ್ವರ ಬಂದರೂ ಹೋದಳು. ಎರಡು ವರ್ಷ ಹೀಗೇ ನಡೆಯಿತು. ಅವಳು ಬಾರದಿದ್ದರೂ ಅವನ ಕಾಲು ತಾನಾಗಿ ಗೂಡ್ಸ್ ಶೆಡ್ಡಿನ ಕಡೆ ತಿರುಗತೊಡಗಿದ ಮೇಲೆ ಗೇಟಿಗೆ ಹೋಗುವುದನ್ನು ಬಿಟ್ಟಳು. ಇದು ಯಾವ ಕ್ಯಾಸೆಟ್ಟಿನಲ್ಲೂ ಇಲ್ಲ.

ಹೀಗಿರುವಾಗ ಭುವನಾಳಿಗೆ ಹಾವೇರಿಯಿಂದ ಒಂದು ಸಂಬಂಧ ಬಂತು. ಹುಡುಗ ಪ್ರವೀಣಕುಮಾರ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ತಾಯಿ ಸುರೇಖಾ ನರ್ಸು, ಅವಳನ್ನು ಎಲ್ಲರೂ ನರ್ಸಬಾಯಿ ಎಂದೇ ಕರೆಯುತ್ತಿದ್ದರು. ಹುಡುಗನ ತಂದೆ ಬರಲಿಲ್ಲ. ಸೊಂಟ ಹಿಡಿದಿದೆ ಎಂದು ನರ್ಸಬಾಯಿ ಹೇಳಿದಳು. ಬೀಜದ ಕಂಪನಿಯೊಂದರಲ್ಲಿ ಪ್ಯಾಕಿಂಗ್ ನೋಡಿಕೊಳ್ಳುತ್ತಿದ್ದ ಭುವನಾ ಸುಲಭಕ್ಕೆ ನಗುವವಳಲ್ಲ. ಆ ಹುಡುಗ ಕರೆಂಟ್ ಕಂಬದ ಮೇಲೆ ತನ್ನನ್ನು ಮಂಗ ಅಟ್ಟಿಸಿಕೊಂಡು ಬಂದ ಕಥೆ ಹೇಳಿದಾಗ ಅವಳು ಉಪ್ಪಿಟ್ಟಿನ ತಾಟು ಹಿಡಿದುಕೊಂಡೇ ನಕ್ಕಳು. ಪ್ರೇಮವ್ವ ಅದನ್ನು ನೋಡಿದಳು, ಮನಸ್ಸಿನಲ್ಲೇ ಲಗ್ನದ ಸೀರೆ ತೆಗೆದಳು.

ವಾರದೊಳಗೆ ನರ್ಸಬಾಯಿಯ ಫೋನು ಬಂತು.

"ಪ್ರೇಮಕ್ಕ, ಬೇಜಾರ ಮಾಡ್ಕೋಬ್ಯಾಡ್ರಿ. ನಮ್ಮ ವಾರ್ಡಿನ ಆಯಾ ಒಂದು ಕ್ಯಾಸೆಟ್ ತಂದು ಕೊಟ್ಲು. ಮ್ಯಾಲಿನ ಫೋಟೋ ನೋಡಿ ಇವರು ನಿಮ್ಮ ಯಜಮಾನ್ರು ಅಂತ ಗೊತ್ತಾತು. ಬಸುರಿ ಹೆಂಡ್ತಿನ್ನ ಒದ್ದಾರ, ಬೋರಮಾಳ ಮಾರ್‍ಯಾರ. ದೇವರು ಅವರನ್ನ ಕ್ಷಮಿಸ್ಯಾನ, ನನಗ ಭಾಳ ಸಂತೋಷ ಐತಿ. ಆದ್ರ ದೇವರು ಕ್ಷಮಿಸಿದವ್ರನ್ನೆಲ್ಲ ನಾನು ಬೀಗರು ಮಾಡ್ಕೋಬೇಕಂತ ಏನೂ ಇಲ್ಲಲ್ಲರಿ."

ಪ್ರೇಮವ್ವ ಫೋನು ಇಟ್ಟು, ಗಂಡನಿಗೂ ಮಗಳಿಗೂ ಕೇಳಿದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು. ಭುವನಾ ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ಅವ್ವನ್ನ ಒದ್ದಾಗ ಹೊಟ್ಟ್ಯಾಗ ನಾನ ಇದ್ದೆನಲ್ಲ. ನನಗೇನರ ಪೆಟ್ಟಾಗಿತ್ತೇನು?"

"ಅದು ಹಂಗಲ್ಲವಾ," ಎಂದ ಕರಬಸಪ್ಪ. "ಸಾಕ್ಷಿ ಅಂದ್ರ ಒಂದೀಟು ಬೇಕಾಗತೈತಿ. ಇಲ್ಲಂದ್ರ ಮಂದೀ ಮನಸ್ಸಿಗೆ ಹತ್ತಂಗಿಲ್ಲ."

ಪ್ರೇಮವ್ವನಿಗೆ ಇಷ್ಟು ದಿನ ನುಂಗಿದ್ದೆಲ್ಲ ಒಮ್ಮೆಲೇ ಬಾಯಿಗೆ ಬಂತು. "ಬ್ಯಾಡಗ್ಯಾಗ ಹೊಡದಿ, ಹಾವೇರ್‍ಯಾಗ ಹೊಡದಿ, ಕರ್ಜಗ್ಯಾಗ ಜುಟ್ಟು ಹಿಡದು ಎಳದ್ಯಂತ. ಮನ್ಯಾಗ ಮಾತ್ರ ಒಮ್ಮೆನೂ ಹೊಡೀಲಿಲ್ಲ. ನಾ ಹೋದಲ್ಲೆಲ್ಲ ಮಂದಿ ನನ್ನ ಮೈಮ್ಯಾಲೆ ಬಾಸುಂಡೆ ಹುಡುಕತಾರ. ಅದನ್ನೂ ತಡಕೊಂಡೆ. ಈಗ ಹುಡುಗಿ ಬಾಳಿಗೆ ಬಂತು ನೋಡು ನಿನ್ನ ಗಟಾರ."

ಕರಬಸಪ್ಪ ಪಾಸ್ಟರರ ಮನೆಗೆ ಓಡಿದ. ಪ್ರೇಮವ್ವನೂ ಬೆನ್ನು ಹತ್ತಿದಳು, ಒಬ್ಬನನ್ನೇ ಬಿಟ್ಟರೆ ಅಲ್ಲಿಯೂ ಒಂದು ಸಾಕ್ಷಿ ಹೇಳಿ ಬರುತ್ತಾನೆಂಬ ಭಯ. ದಾನಿಯೇಲಪ್ಪನವರು ಆ ತಿಂಗಳ ಪ್ರಸಂಗಮಾಲೆ ಬರೆಯುತ್ತ ಕೂತಿದ್ದರು. ವಿಷಯ ಸ್ವಸ್ಥಚಿತ್ತ. ಸಾರಾಯಿಯಷ್ಟೇ ಅಲ್ಲ, ಸಿಟ್ಟು, ಆಸೆ, ಹೊಗಳಿಕೆ ಯಾವುದೂ ವಿಶ್ವಾಸಿಯ ತಲೆಗೆ ಏರಬಾರದು ಎಂದು ಮೂರು ವಾರದಿಂದ ಹೇಳುತ್ತಿದ್ದರು. ಪ್ರತಿ ವಾರವೂ ಪ್ರಸಂಗಕ್ಕೆ ಮುಂಚೆ ಮಂದಿಗೆ ಬಿಸಿಯೇರಿಸಲು ಕರಬಸಪ್ಪನ ಸಾಕ್ಷಿ ಇಟ್ಟುಕೊಂಡಿದ್ದರು.

ಎಲ್ಲ ಕೇಳಿ ಅವರ ಮುಖ ಇಳಿಯಿತು. "ಹಂಗಾದ್ರ ಬೆಳಕು?"

"ಅದೂ ಇಲ್ರಿ," ಎಂದ ಕರಬಸಪ್ಪ.

"ಹಂದಿ?"

ಕರಬಸಪ್ಪ ತಲೆ ತಗ್ಗಿಸಿದ. ದಾನಿಯೇಲಪ್ಪನವರು ಕನ್ನಡಕ ತೆಗೆದು ಒರೆಸಿದರು. "ಆ ಕ್ಯಾಸೆಟ್ ಕೇಳಿ ಎಷ್ಟು ಮಂದಿ ನೀರಾಗ ಮುಳುಗಿ ದೀಕ್ಷಾಸ್ನಾನ ತಗೊಂಡಾರ ಗೊತ್ತೈತೇನು? ಅವರನ್ನೆಲ್ಲ ಈಗ ನಾನು ಏನು ಮಾಡ್ಲಿ? ವಾಪಸ್ ಒಣಗಸ್ಲ್ಯಾ?" ಎಂದರು. ಆಮೇಲೆ, ಅವಸರ ಬೇಡ, ಪ್ರಾರ್ಥನೆ ಮಾಡೋಣ, ಇಂಥ ಹೊತ್ತಿನಲ್ಲೇ ಸ್ವಸ್ಥಚಿತ್ತ ಬೇಕು ಎಂದು ಇಬ್ಬರನ್ನೂ ಸಾಗಹಾಕಿದರು.

ಪ್ರೇಮವ್ವ ಪ್ರಾರ್ಥನೆಯನ್ನೂ ಮಾಡಿದಳು, ಹಾವೇರಿಗೆ ಫೋನನ್ನೂ ಮಾಡಿದಳು. "ನರ್ಸಬಾಯಾರ, ಕ್ಯಾಸೆಟ್ ಕೇಳೀರಿ, ಛಲೋ ಆತು. ಈಗ ಬಂದು ಮಂದೀನ್ನೂ ಕೇಳ್ರಿ. ನಮ್ಮ ಓಣ್ಯಾಗ ಕೇಳ್ರಿ. ಅಂವ ಎಲ್ಲಿ ಕುಡೀತಿದ್ದನೋ ಅಲ್ಲೂ ಕೇಳ್ರಿ."

ನರ್ಸಬಾಯಿ ಕಣ್ಣಿಂದ ನೋಡದೆ ಯಾವ ರೋಗವನ್ನೂ ನಂಬುವವಳಲ್ಲ. ಶನಿವಾರ ಬೆಳಿಗ್ಗೆ ಬಸ್ಸಿಳಿದಳು. ರಸೂಲಬಿಯನ್ನು ಕೇಳಿದ್ದಾಯಿತು. "ಹೊಡಿಯೂದಾ? ಆ ಮನಶ್ಯಾ ನಮ್ಮ ಕೋಳಿಗೆ ಹುಶ್ ಅನ್ನಾಕೂ ಅಂಜತಾನ್ರಿ," ಎಂದಳು ರಸೂಲಬಿ. ನರ್ಸಬಾಯಿಗೆ ಅಷ್ಟು ಸಾಲಲಿಲ್ಲ. ಹೀಗಾಗಿ ಹಗಲು ಹತ್ತು ಗಂಟೆಗೆ, ಇಸ್ತ್ರಿ ಮಾಡಿದ ಸೀರೆಯುಟ್ಟ ಇಬ್ಬರು ವಿಶ್ವಾಸಿ ಹೆಂಗಸರು ವ್ಯಾನಿಟಿ ಬ್ಯಾಗು ಹಿಡಿದುಕೊಂಡು ಸೋಮಣ್ಣನ ವೈನ್ ಶಾಪಿನ ಮೆಟ್ಟಿಲು ಹತ್ತಿದರು. ಒಳಗಿದ್ದ ಇಬ್ಬರು ಗಿರಾಕಿಗಳು ಹಿಂಬಾಗಿಲಿನಿಂದ ಮಾಯವಾದರು. ಸೋಮಣ್ಣ ಎದ್ದು ನಿಂತು, ಏನು ಮಾಡಬೇಕೆಂದು ತಿಳಿಯದೆ ಟೇಬಲ್ ಒರೆಸಿ, ಎರಡು ಸೋಡಾ ತಂದಿಟ್ಟ.

"ಕರಬಸಪ್ಪ ಎಷ್ಟು ಕುಡೀತಿದ್ರು?" ನರ್ಸಬಾಯಿ ಪೇಶಂಟಿನ ವಿಚಾರ ಕೇಳಿದಂತೆ ಕೇಳಿದಳು.

"ಒಂದ ಕ್ವಾರ್ಟರ್ ರಿ. ಅದ್ರಾಗೂ..." ಸೋಮಣ್ಣ ತಡೆದು, ಇಷ್ಟು ದೂರ ಬಂದ ಮೇಲೆ ಮುಚ್ಚಿಟ್ಟು ಏನು ಎಂದುಕೊಂಡ. "ಅದ್ರಾಗೂ ಒಂದೀಟು ನೀರು ನಾನ ಹಾಕತಿದ್ದೆ. ಕುಡದು ಅಳಾಂವ. ನನ್ನ ಕೈ ಹಿಡಕೊಂಡು, ಸೋಮಣ್ಣಾ ಕ್ಷಮಿಸಿಬಿಡು ಅನ್ನಾಂವ. ಯಾಕಪಾ ಅಂದ್ರ ಗೊತ್ತಿಲ್ಲ ಅನ್ನಾಂವ. ಉಳದ ಗಿರಾಕಿಗೋಳಿಗೆ ಬ್ಯಾಸರ ಆಗತಿತ್ತು. ನಾನೂ ಕೇಳೇನ್ರಿ ಆ ಕ್ಯಾಸೆಟ್. ನನ್ನ ಅಂಗಡಿ ಮುಂದಿನ ಗಟಾರದಾಗ ಬಿದ್ದಿದ್ದನಂತ. ನೋಡ್ರಿ, ನನ್ನ ಅಂಗಡಿ ಮುಂದ ಗಟಾರನ ಇಲ್ಲ."

ನರ್ಸಬಾಯಿ ಹೊರಗೆ ಹೋಗಿ ನೋಡಿದಳು. ಗಟಾರ ಇರಲಿಲ್ಲ.

"ಮತ್ತ ಬಿಟ್ಟದ್ದು ಹೆಂಗ?"

"ಅದನ್ನ ಈ ಬಾಯಾರನ್ನ ಕೇಳ್ರಿ. ಇವರು ದಿನಾ ಮಿಲ್ ಗೇಟಿಗೆ ಹೋಗಿ ಅಂವನ್ನ ಗೂಡ್ಸ್ ಶೆಡ್ಡಿನ ಹಿಂದ ಹಾಯಿಸಿ ಕರ್ಕೊಂಡು ಹೋಗತಿದ್ರು. ನನ್ನ ಒಬ್ಬ ಖಾಯಂ ಗಿರಾಕಿನ್ನ ಕಳದ್ರು," ಎಂದ ಸೋಮಣ್ಣ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ನರ್ಸಬಾಯಿ ಪ್ರೇಮವ್ವನ ಮುಖವನ್ನು ಬಹಳ ಹೊತ್ತು ನೋಡಿದಳು. ಏನೋ ಕೇಳಲು ಬಾಯಿ ತೆರೆದು ಮುಚ್ಚಿದಳು. ರಸ್ತೆಗೆ ಬಂದ ಮೇಲೆ ಮತ್ತೆ ಬಿಗಿಯಾದಳು. "ಹಂಗಾದ್ರ ನಿಮ್ಮ ಯಜಮಾನ್ರು ರಾಕ್ಷಸ ಅಲ್ಲ, ಸುಳ್ಳಬುರುಕ."

"ಹೌದ್ರಿ," ಎಂದಳು ಪ್ರೇಮವ್ವ.

"ದೇವರ ಮುಂದ ಮೈಕ್ ಹಿಡದು ಹೇಳಿದ ಸುಳ್ಳು. ಇದೂ ಒಂದು ನಶೇನ. ನಾಳೆ ನಾನು ನಿಮ್ಮ ಮಂದಿರಕ್ಕ ಬರ್ತೇನಿ. ಅದ ಮೈಕ್ ಹಿಡದು ಖರೇ ಹೇಳಲಿ. ಹೇಳಿದ್ರ ಮುಂದಿನ ಮಾತು, ಇಲ್ಲಂದ್ರ ಇಲ್ಲ."

ಸಂಜೆ ಇದನ್ನು ಕೇಳಿದ ಕರಬಸಪ್ಪನ ಕೈ ನಡುಗತೊಡಗಿತು. ಕುಡಿತ ಬಿಟ್ಟ ಹೊಸದರಲ್ಲಿ ನಡುಗುತ್ತಿದ್ದ ಹಾಗೆಯೇ. "ಅಷ್ಟು ಮಂದಿ ಮುಂದ ಹೆಂಗ ಹೇಳ್ಲಿ? ಪಾಸ್ಟರ್ ಏನಂತಾರ? ನಾನು ಎದ್ದು ನಿಂತ್ರ ಮಂದಿ ಬಗ್ಗಿ ಬಗ್ಗಿ ನೋಡತಾರ ಪ್ರೇಮಾ. ಮಿಲ್ಲಿನಾಗ ನನ್ನ ಹೆಸರು ಹಿಡದು ಕರಿಯಾವರೂ ಇಲ್ಲ."

ಪ್ರೇಮವ್ವನಿಗೆ ಅವನನ್ನು ನೋಡಿ ಕನಿಕರವೂ ಆಯಿತು, ಕಪಾಳಕ್ಕೆ ಬಿಗಿಯಬೇಕೆಂದೂ ಅನಿಸಿತು. ಎರಡನ್ನೂ ತಡೆದುಕೊಂಡು ಚಪ್ಪಲಿ ಮೆಟ್ಟಿದಳು. "ನಡಿ, ಅಡ್ಡಾಡಿ ಬರೂಣು," ಎಂದಳು.

ಇಬ್ಬರೂ ಗೂಡ್ಸ್ ಶೆಡ್ಡಿನ ಹಿಂದಿನ ದಾರಿಗೆ ಹೋದರು. ಗೊಬ್ಬರದ ಚೀಲಗಳ ವಾಸನೆ ಮೊದಲಿನಂತೆಯೇ ಇತ್ತು. ಪ್ರೇಮವ್ವ ಉಳ್ಳಾಗಡ್ಡಿ ದರ ಹೇಳಿದಳು, ಟೊಮೆಟೊ ಬಿದ್ದುಹೋದದ್ದನ್ನು ಹೇಳಿದಳು. ಅರ್ಧ ದಾರಿಗೆ ಅವನ ನಡುಕ ನಿಂತಿತು. ಆಗ ಅವಳು, ಕೇಳಬಾರದು ಎಂದುಕೊಂಡಿದ್ದನ್ನೇ ಕೇಳಿದಳು.

"ಆ ಬೆಳಕು ಎಲ್ಲಿಂದ ತಂದಿ? ಇರಲಿ ಬಿಡು. ನಿನ್ನ ಬೆಳಕು ಒಮ್ಮೆ ಬಂದು ಹೋತು. ನಾನು ಎರಡು ವರ್ಷ ಬಂದೆ."

ಕರಬಸಪ್ಪ ಮನೆ ಬರುವ ತನಕ ಅವಳ ಒಂದು ಹೆಜ್ಜೆ ಹಿಂದೆಯೇ ನಡೆದ.

ಭಾನುವಾರ ಮಂದಿರ ತುಂಬಿತ್ತು. ನರ್ಸಬಾಯಿ ಮಗನೊಂದಿಗೆ ಬಂದು ಪ್ರೇಮವ್ವನ ಪಕ್ಕದಲ್ಲಿ ಕೂತಳು. ಹುಡುಗನ ತಂದೆಗೆ ಅಂದೂ ಸೊಂಟ ಹಿಡಿದಿತ್ತು. ಪಾಸ್ಟರರು ಪ್ರಾರ್ಥನೆಯಿಂದ ಏನು ಉತ್ತರ ಪಡೆದಿದ್ದರೋ ತಿಳಿಯದು, ಎಂದಿನಂತೆಯೇ, "ಗಟಾರದಿಂದ ಎತ್ತಲ್ಪಟ್ಟ ನಮ್ಮ ಸಹೋದರ" ಎಂದು ಕೂಗಿ ಕರೆದರು.

ಕರಬಸಪ್ಪ ಮೈಕ್ ಹಿಡಿದ. "ಪ್ರಿಯರೇ, ನಾನು ಎಂಥಾ ಪಾಪಿಯಾಗಿದ್ದೆನೆಂದರೆ..." ಎಂದ. ಕೀಬೋರ್ಡಿನವನು ದುಃಖದ ಸ್ವರ ಎತ್ತಿಕೊಂಡ. ಹಿಂದಿನ ಸಾಲಿನಿಂದ ಮುಂಗಡವಾಗಿ ಒಂದು ಹಲ್ಲೆಲೂಯ ಬಂತು. ಕರಬಸಪ್ಪನ ಬೆನ್ನು ನೆಟ್ಟಗಾಯಿತು, ಮುಖ ಕೆಂಪೇರಿತು. ಆ ಕೆಂಪು ಪ್ರೇಮವ್ವನಿಗೆ ಗೊತ್ತಿದ್ದದ್ದೇ. ಮೊದಲ ಗುಟುಕು ಇಳಿದ ಮೇಲೆ ಬರುತ್ತಿದ್ದ ಕೆಂಪು. ಮುಗಿಯಿತು, ಹುಡುಗಿಯ ಲಗ್ನ ಗಟಾರಕ್ಕೆ ಹೋಯಿತು ಎಂದುಕೊಂಡಳು. ಎದ್ದು ಕೂಗಲು ಬಾಯಿ ಬರಲಿಲ್ಲ. ಕೈ ಮಾತ್ರ ತಾನಾಗಿ ಮೇಲೆದ್ದು ಕೊರಳಿನ ಸೆರಗನ್ನು ಸರಿಸಿ ಹೆಗಲ ಹಿಂದಕ್ಕೆ ಹಾಕಿತು. ಬೋರಮಾಳ ಕಿಟಕಿಯ ಬಿಸಿಲಿಗೆ ಎಲ್ಲರಿಗೂ ಕಾಣುವ ಹಾಗೆ ಹೊಳೆಯಿತು.

ಕರಬಸಪ್ಪ ಅದನ್ನು ನೋಡಿದ. ಮಾತು ಅಲ್ಲಿಗೇ ನಿಂತಿತು. ಕೀಬೋರ್ಡು ಸ್ವಲ್ಪ ದೂರ ಒಂಟಿಯಾಗಿ ಹೋಗಿ, ನಾಚಿಕೊಂಡು ನಿಂತಿತು.

"ಅಲ್ಲಿ ನೋಡ್ರಿ," ಎಂದ ಅವನು. ಮೈಕಿನ ಭಾಷೆ ಹೋಗಿ ಮನೆಯ ಭಾಷೆ ಬಂದಿತ್ತು. "ನಮ್ಮಾಕೀ ಕೊಳ್ಳಾಗ ಐತಿ ಬೋರಮಾಳ. ನಾನು ಮಾರಿಲ್ಲ. ಆಕೀನ್ನ ಹೊಡದಿಲ್ಲ. ಗಟಾರದಾಗೂ ಬಿದ್ದಿಲ್ಲ. ದಿನಾ ಒಂದು ಕ್ವಾರ್ಟರ್ ಕುಡದು ಅಳತಿದ್ದೆ, ಪಗಾರ ಹಾಳ ಮಾಡತಿದ್ದೆ. ಅಷ್ಟ. ನೀವು ಹಲ್ಲೆಲೂಯ ಅಂದ್ರಿ, ನನಗ ಏರಿತು. ಇನ್ನೊಂದು ಬೇಕನಿಸ್ತು, ಇನ್ನೊಂದು ಹೇಳಿದೆ."

ಮುಂದಿನ ಸಾಲಿನ ಮುದುಕಿಯೊಬ್ಬಳು ತಡೆಯಲಾರದೆ ಕೇಳಿದಳು. "ಮತ್ತ ಆ ಬೆಳಕು, ತಮ್ಮಾ?"

"ಬೆಳಕು ಇಲ್ಲಬೇ. ಸಂಜಿಮುಂದ ಇಕಿ ಗೇಟಿಗೆ ಬರತಿದ್ಲು. ಆ ಕಡೆ ದಾರಿ ಹಿಡದು ಕರ್ಕೊಂಡು ಹೋಗತಿದ್ಲು. ದಿನಾ ಬರತಿದ್ಲು. ದೇವರು ನನಗ ಮಾಡಿದ್ದು ಇಷ್ಟ."

ಒಂದೂ ಹಲ್ಲೆಲೂಯ ಬರಲಿಲ್ಲ. ಕರಬಸಪ್ಪ ಮೈಕನ್ನು ಮೆಲ್ಲಗೆ ಸ್ಟ್ಯಾಂಡಿಗೆ ಸಿಕ್ಕಿಸಿ ಬಂದು ಕೂತ. ಸಿನಿಮಾದ ನಡುವೆ ರೀಲು ಕಡಿದಾಗ ಗೊಣಗುವ ಹಾಗೆ ಮಂದಿ ಗೊಣಗಿಕೊಂಡರು. ದಾನಿಯೇಲಪ್ಪನವರು ಪ್ರಸಂಗಕ್ಕೆ ಎದ್ದು ಕಾಗದ ಬಿಡಿಸಿದರು. ಒಂದೆರಡು ಸಾಲು ಓದಿ, ಕರಬಸಪ್ಪನ ಕಡೆ ನೋಡಿ, ಕಾಗದ ಮಡಚಿಟ್ಟರು. ಸ್ವಸ್ಥಚಿತ್ತದ ಬಗ್ಗೆ ಇನ್ನು ಹೆಚ್ಚು ಹೇಳುವುದು ಉಳಿದಿಲ್ಲ, ಕ್ಯಾಸೆಟ್ ಇದ್ದವರು ದಯವಿಟ್ಟು ತಂದುಕೊಡಿ ಎಂದರು. ಸೌಂಡ್ ಸಿಸ್ಟಮ್ ಬಂದ ಮೇಲೆ ಅವರು ಅಷ್ಟು ಮೆಲ್ಲಗೆ ಮಾತಾಡಿದ್ದು ಅದೇ ಮೊದಲು. ಪ್ರೇಮವ್ವನಿಗೆ ಗಂಡನ ಮೇಲೆ ಎಷ್ಟು ಪ್ರೀತಿ ಬಂತೆಂದರೆ ಅವನ ಕಡೆ ನೋಡಲೇ ಆಗಲಿಲ್ಲ.

ಹೊರಗೆ ಭುವನಾ ಮತ್ತು ಪ್ರವೀಣಕುಮಾರ ಗೋಡೆಗೆ ಒರಗಿ ನಿಂತು ಮಾತಾಡುತ್ತಿದ್ದರು. ಅವಳು ಮತ್ತೆ ನಗುತ್ತಿದ್ದಳು. ನರ್ಸಬಾಯಿ ಚಪ್ಪಲಿ ಹುಡುಕುತ್ತಿದ್ದ ಪ್ರೇಮವ್ವನ ಹತ್ತಿರ ಬಂದಳು.

"ಏಪ್ರಿಲ್‌ದಾಗ ಇಟ್ಕೊಳ್ಳೂಣ್ರಿ ಲಗ್ನ. ಬಿಸಲು ಹೆಚ್ಚು, ಆದ್ರ ನನಗ ರಜಾ ಸಿಗತಾವ."

ಪ್ರೇಮವ್ವನಿಗೆ ಕಣ್ಣು ತುಂಬಿ ಬಂದವು. ಬ್ಯಾಡಗಿ ಅಲ್ಲಿಂದ ದೂರವಿತ್ತು, ತಪ್ಪನ್ನು ಖಾರದ ಪುಡಿಯ ಮೇಲೆ ಹಾಕುವಂತಿರಲಿಲ್ಲ. "ಆಗಲ್ರಿ. ಆದ್ರ ಬೀಗರು ಒಮ್ಮೆ ಹುಡುಗೀನ್ನ ನೋಡಬೇಕಲ್ಲರಿ. ಅವರ ಸೊಂಟ ಹೆಂಗೈತಿ?"

ಇಡೀ ಹಾವೇರಿಯ ಪೇಶಂಟುಗಳನ್ನು ಗದರಿಸುತ್ತಿದ್ದ ಹೆಂಗಸು ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. ಮಗ ದೂರ ಇದ್ದಾನೆಂದು ಖಾತ್ರಿ ಮಾಡಿಕೊಂಡಳು.

"ಸೊಂಟ ಛಲೋ ಐತ್ರಿ," ಎಂದಳು. "ನಮ್ಮ ಪ್ರವೀಣ ಸಾರಾಯಿ ಮುಟ್ಟಂಗಿಲ್ಲ, ಆಣಿ ಮಾಡ್ತೇನಿ. ಅವರಪ್ಪ..." ದನಿ ಇನ್ನೂ ತಗ್ಗಿತು. "ಆ ಕ್ಯಾಸೆಟ್ ನಾ ಎಷ್ಟು ಸಲ ಕೇಳೇನಿ ಗೊತ್ತೇನ್ರಿ. ಒಂದ ಸಲ ಆ ಬೆಳಕು ನಮ್ಮನಿಗೂ ಬರ್ಲಿ ಅಂತ. ಈಗ ನೋಡಿದ್ರ ಬೆಳಕೂ ಇಲ್ಲ. ಪ್ರೇಮಕ್ಕ, ಎಷ್ಟೊತ್ತಿಗೆ ಗೇಟಿಗೆ ಹೋಗಿ ನಿಲ್ಲತಿದ್ರಿ? ಏನೇನು ಮಾತಾಡತಿದ್ರಿ?"

ಪ್ರೇಮವ್ವ ಚಪ್ಪಲಿ ಅಲ್ಲೇ ಬಿಟ್ಟು, ಅವಳ ಕೈ ಹಿಡಿದು ಮಂದಿರದ ಮೆಟ್ಟಿಲ ಮೇಲೆ ಕೂರಿಸಿಕೊಂಡಳು.

"ಮಾತು ಆಮ್ಯಾಲೆ ಹೇಳ್ತೇನಿ," ಎಂದಳು. "ಮದಲ ನಿಮ್ಮ ಹಾವೇರ್‍ಯಾಗ ಅಂಗಡಿಗೋಳು ಎಲ್ಲೆಲ್ಲಿ ಅದಾವ ಹೇಳ್ರಿ."